ಮನೆಗೆ ವಾರಕ್ಕೊಂದೇ ಸಂತೆ

ನಮ್ಮ ಅತ್ತೆಯವರು ಹಳ್ಳಿಯಲ್ಲಿ ಸಂಸಾರ ಮಾಡುತ್ತಿದ್ದ ಕಾಲದಲ್ಲಿ ಮನೆಗೆ ಏನೇ ಬೇಕಾದರೂ ಸಂತೆ ದಿನದವರೆಗೆ ಕಾಯಬೇಕಿತ್ತಂತೆ. ಬಳೆ ಒಡೆದರೂ ಸಂತೆ, ಕೊಡ ಸೋರಿದರೂ ಸಂತೆ, ಮಗನ ಚಪ್ಪಲಿ ಕಿತ್ತುಹೋದರೂ ಸಂತೆ. ನಾಲ್ಕೈದು ದಿನ ಕಾಯುವಷ್ಟರಲ್ಲಿ ಅರ್ಧ ಆಸೆ ತಾನಾಗಿಯೇ ಇಳಿದಿರುತ್ತಿತ್ತು. ಉಳಿದಿದ್ದನ್ನು ಚೌಕಾಸಿ ಮಾಡಿ ತರುತ್ತಿದ್ದರು. “ಆಗ ನಾವೇನೋ ಭಾರಿ ಜಾಣರಾಗಿದ್ವಿ ಅಂತಲ್ಲ ಕಣಮ್ಮ, ಅಂಗಡಿ ದೂರ ಇತ್ತು ಅಷ್ಟೇ” ಅಂತಾರೆ ಅವರು.

ಈಗ ನಾವಿರುವುದು ಹಾಸನದಲ್ಲಿ. ಅಂಗಡಿ ಬೀದಿ ಕೊನೆಯಲ್ಲೂ ಇದೆ, ರಾತ್ರಿ ಮಲಗುವಾಗ ದಿಂಬಿನ ಪಕ್ಕದ ಫೋನಿನಲ್ಲೂ ಇದೆ. ಬೇಕು ಅನಿಸುವುದಕ್ಕೂ ಹಣ ಕೊಡುವುದಕ್ಕೂ ನಡುವೆ ಇದ್ದ ಆ ನಾಲ್ಕೈದು ದಿನ ಎಲ್ಲೋ ಕಳೆದುಹೋಗಿದೆ. ಖರ್ಚು ಕಡಿಮೆ ಮಾಡಬೇಕೆಂದು ನಾನು ಎರಡು ಮೂರು ಸಲ ಹಟ ಹಿಡಿದು ಸೋತೆ. ಆ ದಿನಗಳನ್ನು ಮತ್ತೆ ಮನೆಗೆ ತಂದ ಮೇಲೆಯೇ ಕೈಯಲ್ಲಿ ನಾಲ್ಕು ಕಾಸು ನಿಲ್ಲತೊಡಗಿತು. ಅದನ್ನು ಹೇಗೆ ಮಾಡಿದೆವು ಎಂದು ಇಲ್ಲಿ ಹೇಳುತ್ತೇನೆ. ಪೂರ್ತಿ ರೂಢಿಯಾಗಲು ಎರಡು ಮೂರು ತಿಂಗಳು ಬೇಕು.

ಮೊದಲ ತಿಂಗಳು ಬರೀ ಬರೆಯಿರಿ

ಒಂದು ಸಣ್ಣ ನೋಟ್‌ಬುಕ್ ತಗೊಳ್ಳಿ. ನಾಲ್ಕು ಗೆರೆ ಎಳೆಯಿರಿ: ಏನು, ಎಷ್ಟು, ಎಷ್ಟು ಹೊತ್ತಿಗೆ, ಯಾಕೆ. ಈ ತಿಂಗಳು ಯಾವ ಖರ್ಚನ್ನೂ ನಿಲ್ಲಿಸಬೇಡಿ, ಯಾರನ್ನೂ ಬೈಯಬೇಡಿ. ದಿನಾ ರಾತ್ರಿ ಊಟ ಆದ ಮೇಲೆ ಐದು ನಿಮಿಷ ಕೂತು ಬರೆಯಿರಿ. ಫೋನಿನಲ್ಲಿ ಕೊಟ್ಟ ಹಣದ ಪಟ್ಟಿ ಆ್ಯಪ್‌ನಲ್ಲೇ ಸಿಗುತ್ತದೆ. ಕೈಯಿಂದ ಕೊಟ್ಟಿದ್ದನ್ನು ನೆನಪಿರುವಾಗಲೇ ಬರೆಯಬೇಕು.

‘ಯಾಕೆ’ ಎಂಬ ಕೊನೆಯ ಕಾಲಂ ಬಿಡಬೇಡಿ. ಒಂದೇ ಪದ ಸಾಕು. ಹಸಿವು, ಅವಸರ, ಆಫರ್, ಬೇಜಾರು, ಮಗಳು ಕೇಳಿದಳು, ಪಕ್ಕದ ಮನೆಯವರು ತಂದರು. ಏನು ಅನಿಸಿತೋ ಅದನ್ನೇ ಬರೆಯಿರಿ. ನಿಮ್ಮನ್ನು ಬಿಟ್ಟರೆ ಬೇರೆಯವರು ನೋಡುವುದಿಲ್ಲ.

ನನ್ನ ಪುಸ್ತಕದಲ್ಲಿ ಎರಡು ವಿಷಯ ಎದ್ದು ಕಂಡವು. ಒಂದು ಬೇಕರಿ. ಊರೂರಿನ ಅಯ್ಯಂಗಾರ್ ಬೇಕರಿಗಳಿಗೆ ನಮ್ಮ ಜಿಲ್ಲೆಯೇ ತವರು, ಹಾಗಾಗಿ ಇಲ್ಲಿ ಸಂಜೆ ಹೊತ್ತು ಖಾರ ಬನ್, ದಿಲ್‌ಪಸಂದ್ ವಾಸನೆ ದಾಟಿ ಬರುವುದು ಕಷ್ಟವೇ. ಒಂದು ಸಲಕ್ಕೆ 70 ರೂಪಾಯಿಯಂತೆ ತಿಂಗಳಲ್ಲಿ 19 ಸಲ. ಕೂಡಿದರೆ 1,330 ರೂಪಾಯಿ. ಅದರಲ್ಲಿ ಅರ್ಧಕ್ಕೂ ಜಾಸ್ತಿ ಸಲ ‘ಯಾಕೆ’ ಎಂಬಲ್ಲಿ ‘ದಾರೀಲಿತ್ತು’ ಎಂದು ಬರೆದಿದ್ದೆ. ಈಗ ಬುಧವಾರ ಮತ್ತು ಶನಿವಾರ ಮಾತ್ರ ತರುತ್ತೇವೆ. ಎಲ್ಲರೂ ಕೂತು ಕಾಫಿ ಜೊತೆ ತಿನ್ನುತ್ತೇವೆ. ಮೊದಲಿಗಿಂತ ಈಗಲೇ ಅದು ರುಚಿ ಅನಿಸುತ್ತದೆ.

ಇನ್ನೊಂದು ವಿಷಯ ಮನಸ್ಸಿಗೆ ತಟ್ಟಿತು. ಆ ತಿಂಗಳು ಆನ್‌ಲೈನ್‌ನಲ್ಲಿ 14 ಸಲ ಏನಾದರೂ ತರಿಸಿದ್ದೆ. ಅದರಲ್ಲಿ 11 ಸಲ ರಾತ್ರಿ ಒಂಬತ್ತೂವರೆ ಮೇಲೆ. ಎದುರಿಗೆ ಬರೆದ ಪದ ಬೇಜಾರು, ಬೇಜಾರು, ಮತ್ತೆ ಬೇಜಾರು. ಆಗ ನಮ್ಮ ಅಪ್ಪನಿಗೆ ಹುಷಾರಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದರೆ ನಿದ್ದೆ ಬರುತ್ತಿರಲಿಲ್ಲ, ಫೋನ್ ನೋಡುತ್ತಾ ಇರುತ್ತಿದ್ದೆ. ಕುಶನ್ ಕವರ್, ಡಬ್ಬಿಗಳ ಸೆಟ್ಟು, ಒಂದು ಸಲವೂ ಹಾಕದ ಕುರ್ತಾ. ನನಗೆ ಆಗ ಬೇಕಾಗಿದ್ದು ಯಾರಾದರೂ ಮಾತಾಡುವವರು. ಇದು ಗೊತ್ತಾದ ಮೇಲೆ ಫೋನಿನ ಚಾರ್ಜರನ್ನು ಹಾಲ್‌ಗೆ ಹಾಕಿದೆ, ರಾತ್ರಿ ಊಟ ಆದ ಮೇಲೆ ತಂಗಿಗೆ ಕರೆ ಮಾಡುವುದು ಅಭ್ಯಾಸ ಮಾಡಿಕೊಂಡೆ. ನಿಮ್ಮ ಪುಸ್ತಕದಲ್ಲೂ ಇಂಥದ್ದೊಂದು ಪದ ಮತ್ತೆ ಮತ್ತೆ ಬಂದರೆ ಅದನ್ನು ಗಮನಿಸಿ. ಖರ್ಚಿಗಿಂತ ಮೊದಲು ಅದಕ್ಕೊಂದು ದಾರಿ ಹುಡುಕಿ.

ತಿಂಗಳ ಕೊನೆಗೆ ಮೂರು ಬಣ್ಣ

ಕಟ್ಟಲೇಬೇಕಾದ್ದಕ್ಕೆ ಒಂದು ಬಣ್ಣ: ಬಾಡಿಗೆ, ಸ್ಕೂಲ್ ಫೀಸು, ದಿನಸಿ, ಔಷಧಿ, ಸಂಘದ ಕಂತು, ಚೀಟಿ ಹಣ. ಮನೆಮಂದಿಗೆ ಖುಷಿ ಕೊಟ್ಟಿದ್ದಕ್ಕೆ ಇನ್ನೊಂದು. ‘ಇದು ಯಾಕೆ ತಂದೆವೋ’ ಅನಿಸಿದ್ದಕ್ಕೆ ಮೂರನೆಯದು. ಮುಂದೆ ಹೇಳುವುದೆಲ್ಲ ಈ ಮೂರನೆಯದಕ್ಕೇ. ಎರಡನೆಯದನ್ನು ಮುಟ್ಟಲು ಹೋಗಬೇಡಿ. ಮಕ್ಕಳ ಐಸ್‌ಕ್ರೀಮು, ಅಜ್ಜನ ಎಲೆ ಅಡಿಕೆ ಕಿತ್ತುಕೊಂಡು ಉಳಿಸಿದ ಹಣ ಮನೆಯಲ್ಲಿ ನೆಮ್ಮದಿ ಉಳಿಸುವುದಿಲ್ಲ.

ಫ್ರಿಜ್ಜಿನ ಮೇಲೆ ಸಂತೆ ಚೀಟಿ

ಇದೇ ಮುಖ್ಯ ಹಂತ. ವಾರದಲ್ಲಿ ಒಂದು ದಿನವನ್ನು ಮನೆಯ ಸಂತೆ ದಿನ ಎಂದು ಗೊತ್ತು ಮಾಡಿಕೊಳ್ಳಿ. ನಮ್ಮದು ಭಾನುವಾರ. ಒಂದು ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ. ಮನೆಯಲ್ಲಿ ಯಾರಿಗೆ ಏನು ಬೇಕು ಅನಿಸಿದರೂ ಅಲ್ಲಿ ಬರೆಯಬೇಕು: ವಸ್ತುವಿನ ಹೆಸರು, ಸುಮಾರು ಬೆಲೆ, ಬರೆದ ತಾರೀಖು, ಬರೆದವರ ಹೆಸರು. ಕೊಳ್ಳುವುದು ಸಂತೆ ದಿನ ಮಾತ್ರ.

ನಮ್ಮ ಮನೆಯ ನಿಯಮ ಹೀಗಿದೆ. 500 ರೂಪಾಯಿ ಒಳಗಿನದು ಒಂದು ಸಂತೆ ಕಾಯಬೇಕು. 2,000ದವರೆಗೆ ಎರಡು ಸಂತೆ. ಅದಕ್ಕೂ ಮೇಲೆ ಆದರೆ ಪೂರ್ತಿ ಒಂದು ತಿಂಗಳು. ಹಾಲು, ತರಕಾರಿ, ಔಷಧಿ, ಗ್ಯಾಸು, ಮಕ್ಕಳ ಪಾಠಕ್ಕೆ ನಾಳೆಯೇ ಬೇಕಾದ್ದು, ಕೆಟ್ಟುಹೋಗಿ ಕೆಲಸ ನಿಂತ ವಸ್ತು, ಇವಕ್ಕೆ ನಿಯಮವಿಲ್ಲ. ನಿಮ್ಮ ಆದಾಯಕ್ಕೆ ತಕ್ಕ ಹಾಗೆ ಮೊತ್ತ ಬದಲಿಸಿಕೊಳ್ಳಿ. ಆದರೆ ಬದಲಿಸುವುದು ಮೊದಲೇ ಆಗಲಿ. ಆಸೆಯ ವಸ್ತು ಎದುರಿಗಿರುವಾಗ ನಿಯಮ ಸಡಿಲ ಮಾಡಬೇಡಿ.

ಸಂತೆ ದಿನ ಬೆಳಿಗ್ಗೆ ತಿಂಡಿ ಆದ ಮೇಲೆ ಚೀಟಿ ಓದುತ್ತೇವೆ. ಬರೆದವರೇ ಹೇಳಬೇಕು, ಬೇಕಾ, ಬೇಡವಾ, ಇನ್ನೂ ಒಂದು ವಾರ ಇರಲಾ ಎಂದು. ಬೇರೆಯವರು ಹೊಡೆದು ಹಾಕುವಂತಿಲ್ಲ. ಈ ಒಂದು ಮಾತನ್ನು ಬಿಟ್ಟುಕೊಡಬೇಡಿ, ಇಲ್ಲದಿದ್ದರೆ ಚೀಟಿ ಹೋಗಿ ಜಗಳವಾಗುತ್ತದೆ. ನನ್ನ ಮಗಳು ಒಂದು ಸಲ ಮೂರು ವಸ್ತು ಬರೆದಿದ್ದಳು. ಭಾನುವಾರ ಬಂದಾಗ, “ಅಮ್ಮಾ, ಎರಡನೇದು ಯಾಕೆ ಬರೆದೆ ಅಂತ ನಂಗೇ ಮರ್ತೋಗಿದೆ” ಅಂದು ತಾನೇ ಗೆರೆ ಎಳೆದಳು.

ಚೀಟಿ ಬರೀ ಬೇಡ ಅನ್ನುವುದಕ್ಕಲ್ಲ. ಮಳೆಗಾಲದ ಜಡಿಯಲ್ಲಿ ಬಟ್ಟೆ ಒಣಗದೆ ವಾಸನೆ ಬರುತ್ತಿತ್ತು. ಮನೆಯವರು ‘ಬಟ್ಟೆ ಒಣಗಿಸುವ ಸ್ಟ್ಯಾಂಡು’ ಎಂದು ಬರೆದರು. ಎರಡು ವಾರ ಆದರೂ ಯಾರಿಗೂ ಅದು ಬೇಡ ಅನಿಸಲಿಲ್ಲ. ಕೊಂಡೆವು. ಈಗಲೂ ದಿನಾ ಬಳಕೆಯಲ್ಲಿದೆ. ಅದೇ ಚೀಟಿಯಲ್ಲಿ ನಾನು ಬರೆದ ಏರ್ ಫ್ರೈಯರ್ ಒಂದು ತಿಂಗಳು ಕಾಯುವಷ್ಟರಲ್ಲಿ ಹೋಯಿತು. ನಮ್ಮ ಅಡುಗೆಮನೆ ಕಟ್ಟೆ ಮೇಲೆ ಅದಕ್ಕೆ ಜಾಗವೇ ಇಲ್ಲ ಎಂದು ಮೂರನೇ ವಾರ ಅಳೆದು ನೋಡಿದಾಗ ಗೊತ್ತಾಯಿತು.

ಕರೆಂಟಿನ ವಸ್ತು ಬರೆದರೆ ಇನ್ನೊಂದು ಲೆಕ್ಕ ಸೇರಿಸಿ. ಅದರ ಖರ್ಚು ಅಂಗಡಿಯಲ್ಲೇ ಮುಗಿಯುವುದಿಲ್ಲ. 2,000 ವಾಟ್‌ನ ಹೀಟರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 30 ಯೂನಿಟ್. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆ ನೋಡಿ ಮಿತಿ ಇಟ್ಟಿದ್ದಾರೆ. ಅದನ್ನು ದಾಟಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು. ಹಳೆಯ ಚೆಸ್ಕಾಂ ಬಿಲ್ ತೆಗೆದು ನಿಮ್ಮ ಮನೆ ಮಿತಿಗೆ ಎಷ್ಟು ಹತ್ತಿರವಿದೆ ಎಂದು ಮೊದಲು ನೋಡಿ.

ಫೋನಿಗೆ ಬೇಲಿ ಹಾಕಿ

ಚೀಟಿ ನಿಲ್ಲಬೇಕಾದರೆ ಫೋನು ಸ್ವಲ್ಪ ಸುಮ್ಮನಿರಬೇಕು. ಒಂದು ಮಧ್ಯಾಹ್ನ ಕೂತು ಇಷ್ಟು ಮಾಡಿ. ಶಾಪಿಂಗ್ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿ. ಅವುಗಳಲ್ಲಿ ಉಳಿಸಿಟ್ಟಿರುವ ಕಾರ್ಡ್ ವಿವರ ಅಳಿಸಿ. ಹೋಮ್ ಸ್ಕ್ರೀನ್‌ನಿಂದ ಅವನ್ನು ತೆಗೆಯಿರಿ. ಕಾರ್ಡ್ ನಂಬರ್ ಮತ್ತೆ ಟೈಪ್ ಮಾಡಬೇಕು ಅಂದಾಗ ಎದ್ದು ಪರ್ಸ್ ತರಬೇಕಾಗುತ್ತದೆ. ಆ ಎದ್ದು ಹೋಗುವಷ್ಟು ಹೊತ್ತೇ ಎಷ್ಟೋ ಸಲ ಸಾಕಾಗುತ್ತದೆ.

ಆಮೇಲೆ ಯುಪಿಐ ಆ್ಯಪ್ ತೆರೆದು ‘ಆಟೋಪೇ’ ಎಂಬ ಜಾಗ ನೋಡಿ. ಯಾವಾಗಲೋ ಒಂದು ರೂಪಾಯಿಗೆ ಶುರು ಮಾಡಿದ ಚಂದಾ ತಿಂಗಳು ತಿಂಗಳೂ ಹಣ ಎಳೆಯುತ್ತಿರಬಹುದು. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು. ಇಂಥ ಹಣ ಕಡಿತವಾಗುವ 24 ಗಂಟೆ ಮೊದಲೇ ನಿಮಗೆ ಸಂದೇಶ ಬರಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಆ ಸಂದೇಶಗಳನ್ನು ಓದದೆ ಅಳಿಸಬೇಡಿ.

ಇನ್ನೊಂದು ಉಪಾಯ ನಮಗೆ ತುಂಬಾ ಕೆಲಸಕ್ಕೆ ಬಂತು. ಸಂಬಳ ಬರುವ ಖಾತೆಯನ್ನು ಯುಪಿಐನಿಂದ ಬಿಡಿಸಿದೆವು. ಬೇರೊಂದು ಖಾತೆ ಜೋಡಿಸಿ, ಪ್ರತಿ ಭಾನುವಾರ ವಾರದ ಖರ್ಚಿನ ಹಣವನ್ನಷ್ಟೇ ಅದಕ್ಕೆ ಹಾಕುತ್ತೇವೆ. ಗುರುವಾರದ ಹೊತ್ತಿಗೆ ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ. ಮೊದಲು ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದರಲ್ವಾ, ಹಾಗೆ.

‘ಇನ್ನು ಎರಡೇ ಉಳಿದಿವೆ’, ‘ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ’ ಎಂಬ ಗಡಿಯಾರಗಳಿಗೆ ಹೆದರಬೇಡಿ. ಸುಳ್ಳು ಅವಸರ ಹುಟ್ಟಿಸುವುದು, ನಾವು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಚಂದಾದಿಂದ ಹೊರಬರಲು ಬಿಡದಿರುವುದು, ಇಂಥ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ಮೋಸ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಕಂತಿನ ಸಿಹಿ ಮಾತು

‘ಬಡ್ಡಿ ಇಲ್ಲದ ಇಎಂಐ’ ಎಂದಾಗ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು ಬಿಡುತ್ತೀರಿ? 24,000ದ ಫೋನಿಗೆ 1,500 ಬಿಡುತ್ತೇವೆ ಅಂದರೆ ಕಂತಿಗೆ ಹೋದವರು ಕಳೆದುಕೊಳ್ಳುವುದು ಅದೇ 1,500. ಕ್ರೆಡಿಟ್ ಕಾರ್ಡ್ ಆದರೆ ಅದರ ಜೊತೆಗೆ ಸಂಸ್ಕರಣಾ ಶುಲ್ಕ, ಬಡ್ಡಿಯ ಭಾಗದ ಮೇಲೆ ಶೇ 18 ಜಿಎಸ್‌ಟಿ ಬರುವುದುಂಟು. ಕಾರ್ಡಿನ ಬಿಲ್‌ನಲ್ಲಿ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿ ಬಿಡುವುದಂತೂ ಬೇಡವೇ ಬೇಡ. ತಿಂಗಳಿಗೆ ಶೇ 3.5 ಬಡ್ಡಿ ಎಂದರೆ 20,000 ಬಾಕಿಗೆ ತಿಂಗಳಿಗೆ 700 ರೂಪಾಯಿ. ವರ್ಷಕ್ಕೆ ಶೇ 42. ಒಡವೆ ಸಾಲಕ್ಕೂ ಇಷ್ಟು ಬಡ್ಡಿ ಇರುವುದಿಲ್ಲ.

ದಿನಸಿ ತರುವಾಗ

ಹೊಟ್ಟೆ ತುಂಬಿಸಿಕೊಂಡು ಹೋಗಿ. ಚೀಟಿಯಲ್ಲಿ ಹೆಸರಿನ ಜೊತೆ ತೂಕವನ್ನೂ ಬರೆಯಿರಿ. ‘ಬೇಳೆ’ ಎಂದು ಬರೆದರೆ ಎರಡು ಕೆಜಿ ಬರುತ್ತದೆ, ‘ತೊಗರಿಬೇಳೆ 1 ಕೆಜಿ’ ಎಂದರೆ ಅಷ್ಟೇ ಬರುತ್ತದೆ.

ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಎಂದು ನಂಬಬೇಡಿ. ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲಿ ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಎಂಬ ದರವೂ ಇರುತ್ತದೆ. ಹೋಲಿಸಬೇಕಾದ್ದು ಅದನ್ನು. ಅರ್ಧ ಕೆಜಿ 68 ರೂಪಾಯಿ, ಒಂದು ಕೆಜಿ 142 ಎಂದಿದ್ದರೆ ಎರಡು ಸಣ್ಣ ಪ್ಯಾಕೆಟ್ ತಂದರೆ 6 ರೂಪಾಯಿ ಉಳಿಯಿತು. ಕಾಫಿಪುಡಿಯಲ್ಲಿ ಇನ್ನೊಂದು ಸಾಲು ಓದಿ. ಚಿಕೋರಿ ಎಷ್ಟು ಭಾಗ ಎಂದು ಮುದ್ರಿಸಿರುತ್ತಾರೆ, ಅದು ಶೇ 49ರವರೆಗೂ ಇರಬಹುದು. ಕಡಿಮೆ ಬೆಲೆಯ ಪುಡಿಯಲ್ಲಿ ಅರ್ಧ ಚಿಕೋರಿಯೇ ಇದ್ದರೆ ಎರಡು ಚಮಚ ಜಾಸ್ತಿ ಹಾಕುತ್ತೇವೆ, ಬೇಗ ಖಾಲಿಯಾಗುತ್ತದೆ. ಕಾಫಿ ಬೆಳೆಯುವ ಜಿಲ್ಲೆಯಲ್ಲಿದ್ದು ಇದನ್ನು ನೋಡದೆ ಕೊಳ್ಳಬಾರದು ಎಂಬುದು ನನ್ನ ಆಸೆ.

ತರಕಾರಿಯನ್ನು ಕಾಲಕ್ಕೆ ತಕ್ಕ ಹಾಗೆ ತನ್ನಿ. ಸೊಗಡು ಅವರೆ ಬರುವ ಡಿಸೆಂಬರ್, ಜನವರಿಯಲ್ಲಿ ವಾರಕ್ಕೆರಡು ದಿನ ಅವರೆಕಾಳು ಸಾರು, ಹಿತಕಿದ ಬೇಳೆ ಮಾಡಿದರೆ ದುಬಾರಿ ತರಕಾರಿ ಕಡೆ ಮನಸ್ಸೇ ಹೋಗುವುದಿಲ್ಲ.

ಹಬ್ಬ, ಮುಯ್ಯಿ

ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆ ಊರಿಗೆ ಊರೇ ತುಂಬಿರುತ್ತದೆ. ಮನೆಗೆ ನೆಂಟರು ಬರುತ್ತಾರೆ, ಹಿಂದೆಯೇ ದೀಪಾವಳಿ ಆಫರ್‌ಗಳು. ಈ ಖರ್ಚು ಬೇಡ ಎಂದು ನಾನು ಹೇಳುವುದಿಲ್ಲ. ವರ್ಷಕ್ಕೊಮ್ಮೆ ದರ್ಶನ ಕೊಡುವ ತಾಯಿ, ಬಂದವರಿಗೆ ಊಟ ಹಾಕುವುದು ನಮ್ಮ ಸಂತೋಷ. ಆದರೆ ಹಬ್ಬ ಹೇಳದೆ ಬರುವುದಿಲ್ಲವಲ್ಲ. ಯುಗಾದಿಯಿಂದಲೇ ತಿಂಗಳಿಗೆ 500 ರೂಪಾಯಿ ಬೇರೆ ಇಟ್ಟರೆ ದೀಪಾವಳಿ ಹೊತ್ತಿಗೆ ಮೂರೂವರೆ ಸಾವಿರ ಕೈಯಲ್ಲಿರುತ್ತದೆ. ಬಟ್ಟೆ, ಪಟಾಕಿ, ನೆಂಟರ ಊಟ ಅದರೊಳಗೆ.

ಮುಯ್ಯಿಗೂ ಹೀಗೆಯೇ. ಲಗ್ನಪತ್ರಿಕೆ ಬಂದ ದಿನವೇ ಚೀಟಿಯಲ್ಲಿ ಬರೆದುಬಿಡಿ. ಒಂದೊಂದು ಮದುವೆಗೆ ಒಂದೊಂದು ಹೊಸ ಸೀರೆ ಎಂಬ ಹಟವನ್ನು ನಾವು ಅಕ್ಕ ತಂಗಿಯರು ಬಿಟ್ಟಿದ್ದೇವೆ. ಮೂವರ ಬೀರುವಿನ ಸೀರೆಗಳೂ ಈಗ ಮೂವರವು. ಉಟ್ಟವರು ಒಗೆಸಿ, ಇಸ್ತ್ರಿ ಹಾಕಿಸಿ ವಾಪಸ್ ಕೊಡಬೇಕು, ಅದೊಂದೇ ಕರಾರು.

ಗೆರೆ ಎಳೆದ ದುಡ್ಡು ಎಲ್ಲಿಗೆ?

ಇದನ್ನು ಮರೆತರೆ ಉಳಿಸಿದ್ದು ಬೇರೆ ಕಡೆ ಸೋರಿಹೋಗುತ್ತದೆ. ಸಂತೆ ದಿನ ಚೀಟಿಯಲ್ಲಿ ಏನನ್ನು ಹೊಡೆದು ಹಾಕಿದಿರೋ ಅದರ ಬೆಲೆಯಲ್ಲಿ ಆದಷ್ಟನ್ನು ಅವತ್ತೇ ಬೇರೆ ಖಾತೆಗೆ ಹಾಕಿ. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಐದು ವರ್ಷದ್ದು. ಅಷ್ಟು ಉದ್ದ ಬೇಡ ಎಂದರೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಮಾಡಿ. ಆ ಹಣಕ್ಕೆ ಮೊದಲೇ ಒಂದು ಹೆಸರು ಇಡಿ, ಮನೆಯವರೆಲ್ಲರಿಗೂ ಗೊತ್ತಿರಲಿ.

ನಮ್ಮ ಮೊದಲ ವರ್ಷದ ಹಣಕ್ಕೆ ‘ಅತ್ತೆಯ ಕಣ್ಣು’ ಎಂದು ಹೆಸರಿಟ್ಟಿದ್ದೆವು. ಪೊರೆ ಆಪರೇಷನ್ ಆಗಬೇಕಿತ್ತು, ಖರ್ಚಿಗೆ ಹೆದರಿ ಅವರೇ ಮುಂದೂಡುತ್ತಿದ್ದರು. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದವರು ನೇರ ಫ್ರಿಜ್ಜಿನ ಹತ್ತಿರ ಹೋಗಿ ಆ ವಾರದ ಚೀಟಿಯನ್ನು ತಾವೇ ಜೋರಾಗಿ ಓದಿದರು.