ಬೋರ್ಡು ಮಸುಕಾಗಿ ಕಾಣುವ ಮಗುವನ್ನು ಗುರುತಿಸುವುದು ಹೇಗೆ?

ಪುಸ್ತಕ ಕೈಗೆ ಕೊಟ್ಟರೆ ಸರಾಗವಾಗಿ ಓದುವ ಮಗು, ಬೋರ್ಡಿನ ಮೇಲಿನ ಲೆಕ್ಕ ಬರೆದುಕೊಳ್ಳುವಾಗ ತಡವರಿಸುತ್ತಿದೆಯೇ? ಗಮನವಿಲ್ಲ ಎಂದು ಗದರುವ ಮೊದಲು ಕಣ್ಣು ಪರೀಕ್ಷಿಸಿ. ಸಮೀಪದೃಷ್ಟಿ ಇದ್ದವರಿಗೆ ಹತ್ತಿರದ್ದು ಸ್ಪಷ್ಟ, ದೂರದ್ದು ಮಸುಕು. ಹೆಚ್ಚಿನ ಮಕ್ಕಳಲ್ಲಿ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದು, ದೂರದ ಬಿಂಬ ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದ ಮೇಲೆ ಮೂಡುವ ಬದಲು ಅದಕ್ಕಿಂತ ಮುಂದೆಯೇ ಮೂಡುತ್ತದೆ. ಇದು ಸಾಮಾನ್ಯವಾಗಿ 6ರಿಂದ 14 ವರ್ಷದೊಳಗೆ ಶುರುವಾಗುತ್ತದೆ. ಮಸುಕು ನಿಧಾನವಾಗಿ ಹೆಚ್ಚುವುದರಿಂದ ಎಲ್ಲರಿಗೂ ಹೀಗೇ ಕಾಣುತ್ತದೆ ಎಂದೇ ಮಗು ತಿಳಿದಿರುತ್ತದೆ. ಅದಾಗಿಯೇ ಬಂದು ಹೇಳಲಿ ಎಂದು ಕಾಯಬೇಡಿ.

ಮೊದಲು ನೋಟ್‌ಬುಕ್ ತೆರೆಯಿರಿ. ಬೋರ್ಡಿನಿಂದ ಇಳಿಸಿಕೊಂಡ ಪುಟಗಳಲ್ಲಿ 3 ಇರಬೇಕಾದಲ್ಲಿ 8, 6 ಇರಬೇಕಾದಲ್ಲಿ 0 ಬಂದಿದೆಯೇ? ಅರ್ಧಕ್ಕೆ ನಿಂತ ಸಾಲುಗಳಿವೆಯೇ? ಉಕ್ತಲೇಖನ ಸರಿಯಿದ್ದು ನಕಲು ಮಾತ್ರ ತಪ್ಪಿದ್ದರೆ ಅನುಮಾನ ಬಲವಾಗಬೇಕು. ಪಕ್ಕದವರ ಪುಸ್ತಕ ಇಣುಕುವುದು, ಕಣ್ಣು ಕಿರಿದು ಮಾಡುವುದು, ಟಿವಿಗೆ ಅಂಟಿಕೊಂಡು ಕೂರುವುದು ಇವೂ ಸುಳಿವುಗಳೇ. ಇಣುಕಿದ ಮಗುವಿಗೆ ಕಾಪಿ ಹೊಡೆಯುವವನೆಂಬ ಹೆಸರು ಬಂದರೆ ಅದು ದೊಡ್ಡ ಅನ್ಯಾಯ.

ಮನೆಯಲ್ಲಿ ಒಂದು ಸರಳ ಪರೀಕ್ಷೆ ಮಾಡಬಹುದು. ಗೋಡೆಯ ಕ್ಯಾಲೆಂಡರಿನ ಅಂಕಿಗಳು ದೃಷ್ಟಿ ಸರಿಯಿರುವ ದೊಡ್ಡವರೊಬ್ಬರಿಗೆ ಎಲ್ಲಿಂದ ಸಲೀಸಾಗಿ ಕಾಣುತ್ತವೋ ಅಲ್ಲಿಯೇ ಮಗುವನ್ನು ನಿಲ್ಲಿಸಿ. ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿಸಿ ಓದಿಸಿ, ಆಮೇಲೆ ಇನ್ನೊಂದು ಕಣ್ಣು. ಎರಡೂ ತೆರೆದಿದ್ದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ದೋಷವನ್ನು ಮರೆಸಿಬಿಡುತ್ತದೆ. ಅಂಕಿಗಳನ್ನು ಸಾಲಾಗಿ ಕೇಳದೆ ಅಲ್ಲಲ್ಲಿ ಬೆರಳಿಟ್ಟು ಕೇಳಿ. ಕಣ್ಣು ಕಿರಿದು ಮಾಡಿ ಹೇಳಿದ ಉತ್ತರ ಲೆಕ್ಕಕ್ಕಿಲ್ಲ. ಇದು ಸುಳಿವು ಮಾತ್ರ. ಇಲ್ಲಿ ಪಾಸಾದರೂ ಅನುಮಾನ ಉಳಿದರೆ ವೈದ್ಯರಲ್ಲಿಗೆ ಹೋಗಿ.

ಅಲ್ಲಿ 6 ಮೀಟರ್ ದೂರದ ಅಕ್ಷರಪಟ ಓದಿಸುತ್ತಾರೆ. 6/12 ಎಂದು ಬರೆದಿದ್ದರೆ, ಸಾಮಾನ್ಯ ಕಣ್ಣು 12 ಮೀಟರಿನಿಂದ ಓದುವುದನ್ನು ಈ ಮಗು 6 ಮೀಟರಿಗೆ ಬಂದ ಮೇಲೆ ಓದುತ್ತದೆ ಎಂದರ್ಥ. ಮಕ್ಕಳ ಕಣ್ಣಿಗೆ ಹನಿ ಹಾಕಿ ನೋಡುವುದು ಅಗತ್ಯ, ಬೇಡ ಎನ್ನಬೇಡಿ. ಹನಿ ಹಾಕದಿದ್ದರೆ ಕಣ್ಣಿನ ಸ್ನಾಯು ಬಿಗಿಹಿಡಿದು ಕನ್ನಡಕದ ನಂಬರು ಇರುವುದಕ್ಕಿಂತ ಹೆಚ್ಚು ಕಾಣಬಹುದು. ಹನಿಯ ನಂತರ ಕೆಲ ಸಮಯ ಹತ್ತಿರದ ಅಕ್ಷರ ಮಸುಕಾಗುವುದರಿಂದ ಶಾಲೆಯ ಪರೀಕ್ಷೆಯ ಹಿಂದಿನ ದಿನ ಹೋಗಬೇಡಿ.

‘ಮುಂದಿನ ಬೆಂಚಿಗೆ ಕೂರಿಸಿದರೆ ಸಾಕು’ ಎನ್ನುವವರು ಈ ಲೆಕ್ಕ ನೋಡಬೇಕು. 1ನ್ನು ಕನ್ನಡಕದ ನಂಬರಿನಿಂದ ಭಾಗಿಸಿದರೆ ಎಷ್ಟು ಮೀಟರ್‌ವರೆಗೆ ಸ್ಪಷ್ಟವಾಗಿ ಕಾಣುತ್ತದೆಂದು ಸಿಗುತ್ತದೆ. ಮೈನಸ್ 1 ಇದ್ದರೆ ಒಂದು ಮೀಟರ್, ಮೈನಸ್ 2 ಇದ್ದರೆ ಬರೀ ಅರ್ಧ ಮೀಟರ್. ಮೊದಲ ಬೆಂಚಿನಿಂದಲೂ ಬೋರ್ಡು ಅದಕ್ಕಿಂತ ದೂರವೇ. ಕನ್ನಡಕ ಕೈಸೇರುವವರೆಗೆ ಮುಂದೆ ಕೂರಿಸಿ, ಬೋರ್ಡಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವಂತೆ ಶಿಕ್ಷಕರನ್ನು ಕೇಳಿಕೊಳ್ಳಿ. ಅದನ್ನೇ ಕಾಯಂ ಪರಿಹಾರ ಮಾಡಬೇಡಿ.

ಕನ್ನಡಕ ಹಾಕಿದರೆ ನಂಬರು ಏರುತ್ತದೆ ಎಂಬ ಭಯ ಬಿಟ್ಟುಬಿಡಿ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಉದ್ದವಾಗುವುದರಿಂದ ನಂಬರು ಏರುತ್ತದೆ, ಕನ್ನಡಕದಿಂದಲ್ಲ. ಬೇಕೆಂದೇ ಕಡಿಮೆ ನಂಬರು ಹಾಕಿಸಿದರೂ ಏರಿಕೆ ತಗ್ಗುವುದಿಲ್ಲ. ಚೀನಾದ ಗ್ರಾಮೀಣ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಚಿತ ಕನ್ನಡಕ ಪಡೆದ ಮಕ್ಕಳ ಗಣಿತದ ಅಂಕ ಸುಧಾರಿಸಿತ್ತು. ಮಗು ಕನ್ನಡಕವನ್ನು ಬ್ಯಾಗಿನಲ್ಲೇ ಇಡುತ್ತಿದ್ದರೆ ಗದರದೆ ಕಾರಣ ಕೇಳಿ. ಹೆಚ್ಚಾಗಿ ಅದು ಗೆಳೆಯರ ಗೇಲಿ, ಇಲ್ಲವೇ ಮೂಗಿನ ಮೇಲೆ ನಿಲ್ಲದ ಚೌಕಟ್ಟು.

ದಿನಕ್ಕೆ ಸುಮಾರು 2 ಗಂಟೆ ಹಗಲು ಬೆಳಕಿನಲ್ಲಿ ಹೊರಗೆ ಆಡಲಿ. ಸಮೀಪದೃಷ್ಟಿ ಶುರುವಾಗುವ ಸಾಧ್ಯತೆಯನ್ನು ಇದು ಕಡಿಮೆ ಮಾಡುತ್ತದೆ. ಕನ್ನಡಕ ಬಂದ ಮೇಲೂ 6ರಿಂದ 12 ತಿಂಗಳಿಗೊಮ್ಮೆ ತಪಾಸಣೆ ಬೇಕು. ನಂಬರು ಬೇಗ ಬೇಗ ಏರುತ್ತಿದ್ದರೆ, ಅದನ್ನು ನಿಧಾನಿಸುವ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಅಥವಾ ವಿಶೇಷ ಮಸೂರ ನಿಮ್ಮ ಮಗುವಿಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ.