ಲೇಡಿ ಮ್ಯಾಕ್‌ಬೆತ್: ಕೊನೆಯ ದೃಶ್ಯದಿಂದ ಹಿಂದಕ್ಕೆ

ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದ ಲೇಡಿ ಮ್ಯಾಕ್‌ಬೆತ್ ಪಾತ್ರವನ್ನು ನಾನು ಕಲಿತದ್ದು ಹಿಂದುಮುಂದಾಗಿ. ಐದನೇ ಅಂಕದ ಮೊದಲ ದೃಶ್ಯದಲ್ಲಿ ಅವಳು ನಿದ್ದೆಗಣ್ಣಿನಲ್ಲಿ ಎದ್ದು ನಡೆದಾಡುತ್ತಾಳಲ್ಲ, ಅದನ್ನು ಮೊದಲು ಬಾಯಿಪಾಠ ಮಾಡಿ ಅಲ್ಲಿಂದ ಹಿಂದಕ್ಕೆ ಬಂದೆ. ನಮ್ಮದು ಮೈಸೂರಿನ ಹವ್ಯಾಸಿ ತಂಡ, ಹಗಲು ನೌಕರಿ, ಸಂಜೆ ತಾಲೀಮು. ಹೀಗೆ ಕಡೆಯಿಂದ ಶುರುಮಾಡುವ ರೂಢಿ ನಮ್ಮಲ್ಲಿ ಇರಲಿಲ್ಲ, ಆದರೂ ನಿರ್ದೇಶಕರು ಒಪ್ಪಿದರು. ಈ ಪಾತ್ರ ಸಿಕ್ಕಿದೆ ಅಂತ ಯಾರಾದರೂ ಹುಡುಗಿ ಫೋನ್ ಮಾಡಿದರೆ ಈಗಲೂ ನಾನು ಮೊದಲು ಹೇಳುವುದು ಇದನ್ನೇ.

ಆ ದೃಶ್ಯದಲ್ಲಿ ಅವಳು ಹೇಳುವ ಹೆಚ್ಚುಕಡಿಮೆ ಪ್ರತಿ ಮಾತಿಗೂ ನಾಟಕದಲ್ಲಿ ಹಿಂದೆ ಒಂದು ಬೇರು ಇದೆ. ಒಂದು ಹಾಳೆಯಲ್ಲಿ ಎಡಕ್ಕೆ ಆ ಮಾತುಗಳನ್ನು ಬರೆದೆ, ಬಲಕ್ಕೆ ಅವು ಎಲ್ಲಿಂದ ಬಂದವು ಅನ್ನುವುದನ್ನು. "ಒಂದು, ಎರಡು... ಇನ್ನು ಹೊತ್ತಾಯಿತು" ಅನ್ನುವುದು ಮನೆಗೆ ಅತಿಥಿಯಾಗಿ ಬಂದ ದೊರೆ ಡಂಕನ್‌ನನ್ನು ಕೊಂದ ರಾತ್ರಿ ಗಂಡನಿಗೆ ಸೂಚನೆಯಾಗಿ ಅವಳೇ ಹೊಡೆದ ಗಂಟೆ. "ಕೈ ತೊಳೆದುಕೋ, ರಾತ್ರಿಯುಡುಪು ಹಾಕಿಕೋ" ಅನ್ನುವುದು ಅದೇ ರಾತ್ರಿ, ಡಂಕನ್ ಸತ್ತ ಮೇಲಿನ ಗಡಿಬಿಡಿ. "ಹೀಗೆ ಬೆಚ್ಚಿಬಿದ್ದು ಎಲ್ಲ ಕೆಡಿಸುತ್ತಿದ್ದೀಯ" ಅನ್ನುವುದು ಗಂಡ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಪ್ರೇತ ಬಂದ ಔತಣ. ಬಾಗಿಲು ಬಡಿಯುವ ಸದ್ದೂ ಅವಳಿಗೆ ಮತ್ತೆ ಕೇಳಿಸುತ್ತದೆ. ಬಲಭಾಗ ತುಂಬುತ್ತಾ ಹೋದಂತೆ ನನಗೆ ಸ್ಪಷ್ಟವಾಯಿತು: ಈ ಪಶ್ಚಾತ್ತಾಪ ಐದನೇ ಅಂಕದಲ್ಲಿ ಬಂದೆರಗುವುದಲ್ಲ. ಒಂದನೇ ಅಂಕದಿಂದಲೇ ಒಂದೊಂದು ಹನಿ ಕೂಡುತ್ತಾ ಬರುತ್ತದೆ. ಗಂಟೆ ಹೊಡೆಯುವಾಗ, ಕಠಾರಿ ಕಿತ್ತುಕೊಳ್ಳುವಾಗ, ಅತಿಥಿಗಳನ್ನು ಕಳಿಸುವಾಗ ನಾನು ಏನನ್ನೋ ಒಳಗೆ ಇಟ್ಟುಕೊಳ್ಳಬೇಕು. ಇಟ್ಟುಕೊಂಡಿರದಿದ್ದರೆ ಕೊನೆಯಲ್ಲಿ ತೆಗೆದುಕೊಡುವುದಾದರೂ ಏನನ್ನು? ಬರೀ ಹುಚ್ಚಿನ ಅಭಿನಯ ಉಳಿಯುತ್ತದೆ.

ಮೊದಲ ರೀಡಿಂಗ್ ಮುಗಿದ ಕೂಡಲೇ ಕೈಕೇಯಿ ಮಾತು ಬಂತು. ನಮ್ಮ ಪ್ರೇಕ್ಷಕರಿಗೂ ಅವಳೇ ನೆನಪಾಗುವುದು ಸಹಜ. ಆದರೆ ಕೈಕೇಯಿ ಕೇಳಿದ್ದು ಮಗನಿಗೆ, ಅದೂ ಎದುರಿಗೆ ನಿಂತು, ತನಗೆ ಸಲ್ಲಬೇಕಾದ ವರವಾಗಿ. ಇವಳ ಕಣ್ಣೆದುರು ಮಗನೂ ಇಲ್ಲ, ವಂಶವೂ ಇಲ್ಲ. ಇನ್ನೊಂದು ವಿಷಯ ನನಗೆ ತುಂಬ ಮುಖ್ಯವೆನಿಸಿತು. ಶೇಕ್ಸ್‌ಪಿಯರ್ ಕಥೆಯನ್ನು ಎತ್ತಿಕೊಂಡ ಹಾಲಿನ್‌ಶೆಡ್‌ನ ಇತಿಹಾಸದಲ್ಲಿ ಈ ಹೆಂಡತಿಗೆ ಸಿಗುವ ಜಾಗ ಅತಿ ಕಡಿಮೆ: ರಾಣಿ ಅನ್ನಿಸಿಕೊಳ್ಳುವ ತಣಿಯದ ಆಸೆಯಿಂದ ಗಂಡನ ಬೆನ್ನುಹತ್ತಿದಳು ಅಂತ ಅಷ್ಟೆ. ಶೇಕ್ಸ್‌ಪಿಯರ್ ಅವಳಿಗೆ ಇಡೀ ದೃಶ್ಯಗಳನ್ನೇ ಕೊಟ್ಟ, ಆ ಆಸೆಯನ್ನು ಮಾತ್ರ ತೆಗೆದುಹಾಕಿದ. ನಾನು ರಾಣಿಯಾಗಬೇಕು ಅಂತ ನಾಟಕದಲ್ಲಿ ಅವಳು ಎಲ್ಲೂ ಹೇಳುವುದಿಲ್ಲ. ಅವಳ ಮಾತೆಲ್ಲ ಅವನದು: ನಿನಗೆ ಸಿಗಬೇಕಾದದ್ದು, ನಿನ್ನ ಸ್ವಭಾವ, ನಿನ್ನ ಅಳುಕು. ಕಾಗದ ಓದುವ ದೃಶ್ಯವನ್ನು ನಾನು ಆಸೆಬುರುಕಿಯ ಹಾಗೆ ಮಾಡಲಿಲ್ಲ. ದೂರದಲ್ಲಿದ್ದ ಗಂಡನ ಕೈಬರಹ ಸಿಕ್ಕಿದ ಹೆಂಗಸು ಅವಳು. ಯುದ್ಧದಿಂದ ಜೀವಂತ ಬರುತ್ತಿದ್ದಾನೆ ಅನ್ನುವುದು ಮೊದಲ ಸಂತೋಷ, ಕಿರೀಟ ಅದರ ನಂತರ.

ಗಂಡನ ತಲೆ ಕೆಡಿಸಿದವಳು ಅನ್ನುವವರಿಗೆ ಮೊದಲ ಅಂಕದ ಮೂರನೇ ದೃಶ್ಯ ತೋರಿಸುತ್ತೇನೆ. ಮಾಟಗಾತಿಯರು ನೀನು ದೊರೆಯಾಗುತ್ತೀಯ ಅಂತ ಭವಿಷ್ಯ ನುಡಿದು ಮಾಯವಾದ ಸ್ವಲ್ಪ ಹೊತ್ತಿಗೇ ಅವನ ತಲೆಯಲ್ಲಿ ಕೊಲೆ ಬಂದು ಕೂತಿದೆ, ಕೂದಲು ನಿಮಿರಿದೆ. ಹೆಂಡತಿಯ ಮುಖವನ್ನು ಅವನಿನ್ನೂ ಕಂಡಿಲ್ಲ.

ಹಾಗಂತ ಅವಳು ಏನೂ ಮಾಡಲಿಲ್ಲ ಅಂತಲ್ಲ. ಏಳನೇ ದೃಶ್ಯದಲ್ಲಿ ಅವಳು ಮಾಡುವುದೇ ನಾಟಕದ ತಿರುಗಣೆ. ದೊರೆ ಊಟಕ್ಕೆ ಕೂತಿದ್ದಾನೆ, ಆತಿಥೇಯ ಎದ್ದು ಹೊರಗೆ ಬಂದಿದ್ದಾನೆ. "ಈ ಕೆಲಸ ಇಲ್ಲಿಗೆ ಸಾಕು" ಅನ್ನುತ್ತಾನೆ. ಮುಂದಿನ ಕೆಲವೇ ನಿಮಿಷದಲ್ಲಿ ಅವಳು ಅವನನ್ನು ತಿರುಗಿಸಬೇಕು. ಪಕ್ಕದ ಕೋಣೆಯಲ್ಲಿ ಜನ ಇದ್ದಾರೆ, ಕೂಗುವ ಹಾಗಿಲ್ಲ. ಈ ದೃಶ್ಯವನ್ನು ಅನೇಕರು ಏರುದನಿಯಲ್ಲಿ ಮಾಡುವುದನ್ನು ನೋಡಿದ್ದೇನೆ, ನನಗದು ಒಪ್ಪಿಗೆಯಾಗಲಿಲ್ಲ. ಇಡೀ ದೃಶ್ಯವನ್ನು ಪಿಸುಮಾತಿಗಿಂತ ಸ್ವಲ್ಪವೇ ಮೇಲೆ ಇಟ್ಟೆವು. ಎರಡನೇ ಸಾಲಿನಾಚೆ ಕೇಳಿಸುತ್ತದೋ ಇಲ್ಲವೋ ಅಂತ ನಿರ್ದೇಶಕರಿಗೆ ಆತಂಕವಿತ್ತು. ವ್ಯಂಜನಗಳನ್ನು ಒತ್ತಿ ಆಡಿದರೆ ಸಣ್ಣ ದನಿಯೂ ಹಿಂದಿನ ಸಾಲಿನವರೆಗೆ ಹೋಗುತ್ತದೆ. ಅದನ್ನು ಖಾಲಿ ಸಭಾಂಗಣದಲ್ಲಿ ಹಿಂದೆ ಒಬ್ಬರನ್ನು ಕೂರಿಸಿ ಸಾಧಿಸಿದೆವು.

ಅವಳ ವಾದಕ್ಕೆ ಒಂದು ಕ್ರಮವಿದೆ. ಮೊದಲು ಪ್ರೀತಿಯನ್ನು ತಕ್ಕಡಿಗೆ ಹಾಕುತ್ತಾಳೆ: ನಿನ್ನ ಪ್ರೀತಿಯೂ ಇಷ್ಟೇ ಅಂತ ಇವತ್ತಿನಿಂದ ತಿಳಿಯುತ್ತೇನೆ. ಆಮೇಲೆ ಗಂಡಸುತನವನ್ನು ಕೆಣಕುತ್ತಾಳೆ. ಆಮೇಲೆ, ಈ ಮಾತನ್ನು ಮೊದಲು ಎತ್ತಿದವನೇ ನೀನು ಅಂತ ನೆನಪಿಸುತ್ತಾಳೆ. ಅದರ ಬೆನ್ನಿಗೇ ಆ ಮಗುವಿನ ಮಾತು: ಹಾಲುಣಿಸಿದ್ದೇನೆ, ಆ ಮಮತೆ ಏನೆಂದು ಬಲ್ಲೆ, ನಿನ್ನಂತೆ ಆಣೆಯಿಟ್ಟಿದ್ದರೆ ನಗುತ್ತಿರುವ ಆ ಕೂಸಿನ ಬಾಯಿಂದ ಮೊಲೆ ಕಿತ್ತು ತಲೆಯನ್ನು ಅಪ್ಪಳಿಸುತ್ತಿದ್ದೆ.

ಯಾವ ಮಗು? ನಾಟಕ ಹೇಳುವುದಿಲ್ಲ. ಚರಿತ್ರೆಯಲ್ಲಿ ಮ್ಯಾಕ್‌ಬೆತ್‌ನ ಹೆಂಡತಿಯಾಗಿದ್ದ ರಾಣಿ ಗ್ರುವೊಕ್‌ಗೆ ಮೊದಲ ಗಂಡನಿಂದ ಲುಲಾಕ್ ಎಂಬ ಮಗನಿದ್ದ; 1057ರಲ್ಲಿ ಮ್ಯಾಕ್‌ಬೆತ್ ಸತ್ತ ಮೇಲೆ ಅವನೇ ಸ್ವಲ್ಪ ಕಾಲ ಸ್ಕಾಟ್ಲೆಂಡಿನ ದೊರೆಯಾದ. ಆದರೆ ರಂಗದ ಮೇಲೆ ಇತಿಹಾಸ ನೆರವಿಗೆ ಬರುವುದಿಲ್ಲ, ನಟಿ ತಾನೇ ನಿರ್ಧರಿಸಬೇಕು. ಇಬ್ಬರಿಗೂ ಹುಟ್ಟಿದ ಮಗು, ಉಳಿಯಲಿಲ್ಲ, ಆಮೇಲೆ ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತಿಲ್ಲ ಅಂತ ನಾನೂ ಮ್ಯಾಕ್‌ಬೆತ್ ಮಾಡುತ್ತಿದ್ದ ಗೆಳೆಯರೂ ಮಾತಾಡಿಕೊಂಡೆವು. ಅಂದಮೇಲೆ ಆ ಮಾತು ಬರೀ ಕ್ರೌರ್ಯದ ಪ್ರದರ್ಶನವಾಗಿ ಉಳಿಯಲಿಲ್ಲ. ಅವನನ್ನು ಗೆಲ್ಲಲು ಅವಳು ಇಬ್ಬರ ಗಾಯವನ್ನೂ ತೆರೆಯುತ್ತಿದ್ದಾಳೆ, ಅದಕ್ಕೆ ಅವಳೇ ಬೆಲೆ ತೆರುತ್ತಿದ್ದಾಳೆ. "ನಗುತ್ತಿರುವ" ಅನ್ನುವಲ್ಲಿ ನನ್ನ ದನಿ ತಾನಾಗಿ ಮೆತ್ತಗಾಗುತ್ತಿತ್ತು. ಗೆಳೆಯರು ಅಲ್ಲಿ ಕಣ್ಣು ಮುಚ್ಚಿಬಿಡುತ್ತಿದ್ದರು. ಇಡೀ ನಾಟಕದಲ್ಲಿ ಆ ಗಂಡ ಹೆಂಡತಿ ಅಷ್ಟು ಹತ್ತಿರ ಬಂದ ಇನ್ನೊಂದು ಕ್ಷಣ ನಮಗೆ ಸಿಗಲಿಲ್ಲ.

ಇಷ್ಟೆಲ್ಲ ಆದರೂ ಅವನು ಒಪ್ಪಿಲ್ಲ. "ಸೋತರೆ?" ಅಂತ ಕೇಳುತ್ತಾನೆ. ಅವಳ ಉತ್ತರ ಎರಡೇ ಪದ. ಹದಿನೆಂಟನೇ ಶತಮಾನದ ಇಂಗ್ಲಿಷ್ ನಟಿ ಸಾರಾ ಸಿಡನ್ಸ್ ಆ ಉತ್ತರವನ್ನು ಬೇರೆ ಬೇರೆ ಕಾಲದಲ್ಲಿ ಮೂರು ಬಗೆಯಾಗಿ ಆಡಿದ್ದರಂತೆ: ತಿರಸ್ಕಾರದ ಪ್ರಶ್ನೆಯಾಗಿ, ನಾವು ಸೋಲುವುದೇ ಎಂಬ ಬೆರಗಾಗಿ, ಕೊನೆಗೆ ಸೋತರೆ ಸೋತೆವು ಎಂಬ ಸಮಾಧಾನವಾಗಿ. ನಾನು ಕೊನೆಯದನ್ನೇ ಹಿಡಿದೆ. "ಸೋತೆವು, ಅಷ್ಟೆ." ತಕ್ಷಣ ಅವಳು ಯೋಜನೆಗೆ ಇಳಿಯುತ್ತಾಳೆ: ಕಾವಲಿನ ಇಬ್ಬರಿಗೆ ಕುಡಿಸುವುದು, ಅವರ ಮೇಲೆ ಅಪರಾಧ ಹೊರಿಸುವುದು. ಅವನು ತಿರುಗುವುದು ಇಲ್ಲಿ. ಬೈಗುಳ ಅವನನ್ನು ನಿಲ್ಲಿಸಿತು, ನಡೆಸಿದ್ದು ಯೋಜನೆ. ಬಾಗಿಲು ತೆರೆಯುವುದು ಹೇಗೆ ಅಂತ ಯಾರಾದರೂ ಹೇಳಿಕೊಡಲಿ ಎಂದೇ ಅವನು ಕಾದಿದ್ದ. ಒಲಿಸುವಿಕೆಯ ಬಗ್ಗೆ ಇಷ್ಟು ನಿಜವಾದ ದೃಶ್ಯವನ್ನು ನಾನು ಬೇರೆಲ್ಲೂ ಆಡಿಲ್ಲ.

ಕೊಲೆಯ ದೃಶ್ಯದಲ್ಲಿ ಅವಳ ಮೊದಲ ಬಿರುಕು ಕಾಣುತ್ತದೆ. "ಮಲಗಿದ್ದಾಗ ನನ್ನ ಅಪ್ಪನ ಹಾಗೆ ಕಾಣದಿದ್ದರೆ ನಾನೇ ಮುಗಿಸುತ್ತಿದ್ದೆ." ಇದನ್ನು ಗಂಡ ಬರುವ ಮೊದಲು, ಒಬ್ಬಳೇ ನಿಂತು ಹೇಳುತ್ತಾಳೆ. ಇದನ್ನು ಬೇಗ ದಾಟಿಬಿಡುವ ಹಾಗಿಲ್ಲ. ಐದನೇ ಅಂಕದಲ್ಲಿ "ಆ ಮುದುಕನಲ್ಲಿ ಇಷ್ಟೊಂದು ರಕ್ತ ಇದ್ದೀತೆಂದು ಯಾರು ಎಣಿಸಿದ್ದರು" ಅನ್ನುವಾಗ ಆ ಮುದುಕನಿಗೆ ಅಪ್ಪನ ಮುಖವೇ ಇರಬೇಕು.

ರಕ್ತದ ವಿಚಾರ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಕ್ಕರೆ ಪಾಕಕ್ಕೆ ಕೆಂಪು ಫುಡ್ ಕಲರ್, ಗಾಢವಾಗಲಿ ಅಂತ ಸ್ವಲ್ಪ ಕಾಫಿ ಡಿಕಾಕ್ಷನ್ ಬೆರೆಸಿಕೊಳ್ಳುತ್ತಿದ್ದೆವು. ಕಠಾರಿಗಳನ್ನು ವಾಪಸು ಇಟ್ಟು ಬರಲು ಒಳಗೆ ಹೋದಾಗ ಸೈಡ್‌ವಿಂಗ್‌ನಲ್ಲಿ ಎರಡೂ ಕೈ ಅದರಲ್ಲಿ ಅದ್ದಿ ಬರಬೇಕು. ಹೊರಗೆ ಬಾಗಿಲು ಬಡಿತ ಶುರುವಾಗುತ್ತದೆ. ಬಡಿತ ನಿಲ್ಲುವುದರೊಳಗೆ, ಹೆಬ್ಬಾಗಿಲು ಕಾಯುವವ ತನ್ನ ಕುಡುಕ ಮಾತು ಮುಗಿಸುವುದರೊಳಗೆ ಕೈ ತೊಳೆದು ರಾತ್ರಿಯುಡುಪಿನಲ್ಲಿ ಮತ್ತೆ ರಂಗಕ್ಕೆ ಬರಬೇಕು. ಬಕೆಟ್ಟಿನಲ್ಲಿ ಬಿಸಿನೀರು ಇಟ್ಟಿರುತ್ತಿದ್ದರು. ಅಂಗೈ ಸುಲಭವಾಗಿ ಹೋಗುತ್ತದೆ. ಉಗುರಿನ ಬುಡ, ಬೆರಳ ಸಂದು, ಮಣಿಕಟ್ಟಿನ ಗೆರೆ ಹೋಗುವುದಿಲ್ಲ. ತಾಲೀಮಿನಲ್ಲಿ ಬೇಕೆಂದೇ ಪೂರ್ತಿ ತೊಳೆಯದೆ ಒಣಗಲು ಬಿಟ್ಟು ನೋಡಿದೆ. ಪಾಕ ಒಣಗಿ ಬೆರಳುಗಳ ನಡುವೆ ಚರ್ಮ ಬಿಗಿಯುತ್ತದೆ, ಮಡಚಿದಾಗ ಸಣ್ಣಗೆ ಬಿರಿಯುತ್ತದೆ. ಐದನೇ ಅಂಕದಲ್ಲಿ ಕೈ ಉಜ್ಜುವಾಗ ನಾನು ಹುಡುಕಿದ್ದು ಆ ಜಾಗಗಳನ್ನೇ. ಹೀಗೆ ಕೈ ತೊಳೆಯುವಂತೆ ಕಾಲು ಗಂಟೆ ನಿಂತದ್ದನ್ನೂ ಕಂಡಿದ್ದೇನೆ ಅಂತ ಅವಳ ಸಖಿ ವೈದ್ಯನಿಗೆ ಹೇಳುತ್ತಾಳೆ. ಅಷ್ಟು ಹೊತ್ತು ಉಜ್ಜುವವರು ಅಂಗೈಯನ್ನು ಉಜ್ಜುವುದಿಲ್ಲ, ಸಂದುಗೊಂದುಗಳನ್ನು ಉಜ್ಜುತ್ತಾರೆ.

ಮೂರ್ಛೆ ನಿಜವೋ ನಟನೆಯೋ ಎಂಬ ಹಳೆಯ ಚರ್ಚೆಯಲ್ಲಿ ನಾನು ನಿಜದ ಪಕ್ಷ. ಕಾವಲಿನವರನ್ನು ಕೊಂದೆ ಅಂತ ಮ್ಯಾಕ್‌ಬೆತ್ ಎಲ್ಲರೆದುರು ಹೇಳಿದ ಮೇಲೆ ಅವಳು ಕುಸಿಯುತ್ತಾಳೆ. ಅವರನ್ನು ಕೊಲ್ಲುವುದು ಅವಳ ಯೋಜನೆಯಲ್ಲಿ ಇರಲಿಲ್ಲ. ಅವಳನ್ನು ಕೇಳದೆ ಅವನು ಮಾಡಿದ ಮೊದಲ ಕೆಲಸ ಅದು. ಅಲ್ಲಿಂದ ದಾಂಪತ್ಯ ಜಾರುವ ವೇಗ ನೋಡಿ: ಮೂರನೇ ಅಂಕದಲ್ಲಿ ಸ್ವಂತ ಗಂಡನ ಜೊತೆ ಎರಡು ಮಾತಾಡಲು ಅವಳು ಆಳಿನ ಕೈಲಿ ಹೇಳಿಕಳಿಸಬೇಕು, ದೊರೆಗೆ ಬಿಡುವಿದ್ದರೆ ಅಂತ. ಬ್ಯಾಂಕೋನ ಕೊಲೆಯ ಸಂಚನ್ನು ಅವನು ಅವಳಿಗೆ ತಿಳಿಸುವುದೂ ಇಲ್ಲ. ರಾಣಿಪಟ್ಟ ಬಂದದ್ದೇ ಅವಳ ಕೆಲಸ ಹೋಯಿತು. ಅಪರಾಧಪ್ರಜ್ಞೆ ಅಂತ ನಾವು ಕರೆಯುವುದರಲ್ಲಿ ಅರ್ಧಪಾಲು ಈ ಒಂಟಿತನ ಅಂತ ನನಗೆ ಆಡಾಡುತ್ತಾ ಅನ್ನಿಸಿದೆ. ಅವನಿಗೆ ಹೇಳಿಕೊಳ್ಳಲು ಅವಳಿದ್ದಳು. ಅವಳಿಗೆ ಯಾರೂ ಇಲ್ಲ.

ಔತಣದಲ್ಲಿ ಅತಿಥಿಗಳನ್ನು ಸಾಗಹಾಕಿದ ಮೇಲೆ ಅವಳು ಬಯ್ಯುವುದನ್ನೂ ಬಿಟ್ಟಿರುತ್ತಾಳೆ. ಎಚ್ಚರದಲ್ಲಿ ಅವಳಾಡುವ ಕೊನೆಯ ಮಾತು, ನಿನಗೆ ನಿದ್ದೆ ಬೇಕು, ನಿದ್ದೆಯಿಲ್ಲದೆ ಹೀಗಾಗಿದ್ದೀಯ ಅನ್ನುವುದು. ಮುಂದೆ ಅವಳನ್ನು ನಾವು ಕಾಣುವುದು ನಿದ್ದೆಯಲ್ಲೇ.

ನಡುವೆ ಇಡೀ ನಾಲ್ಕನೇ ಅಂಕ ಅವಳು ರಂಗದ ಮೇಲಿಲ್ಲ. ಈ ಪಾತ್ರದಲ್ಲಿ ನಟಿಗೆ ಅತಿ ಕಷ್ಟದ ಹೊತ್ತು ಅದು. ಗ್ರೀನ್‌ರೂಮಿನಲ್ಲಿ ಹರಟೆ, ಚಹಾ, ಫೋನ್ ಎಲ್ಲ ಇರುತ್ತದೆ. ನಾನು ಒಡವೆ ಕಳಚಿ, ಜಡೆ ಬಿಚ್ಚಿ, ಬರಿಗಾಲಲ್ಲಿ ವಿಂಗ್‌ಗೆ ಬಂದು ನಿಲ್ಲುತ್ತಿದ್ದೆ. ಅಲ್ಲಿಂದ, ಮ್ಯಾಕ್‌ಬೆತ್ ಕಳಿಸಿದವರು ಫೈಫ್‌ನ ಒಡೆಯ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲುವ ದೃಶ್ಯ ಕೇಳಿಸುತ್ತದೆ. ಮಗನ ಪಾತ್ರದ ಹುಡುಗ "ಅಮ್ಮಾ, ನನ್ನನ್ನು ಕೊಂದರು" ಅಂತ ಕೂಗುತ್ತಿದ್ದ. ಪ್ರತಿ ಪ್ರದರ್ಶನದಲ್ಲೂ ಅದನ್ನು ಕೇಳಿಸಿಕೊಂಡೇ ಮುಂದೆ ಹೋದೆ. ಏಕೆಂದರೆ ನಿದ್ದೆಯಲ್ಲಿ ಅವಳು "ಫೈಫ್‌ನ ಒಡೆಯನಿಗೆ ಒಬ್ಬ ಹೆಂಡತಿ ಇದ್ದಳು, ಈಗೆಲ್ಲಿದ್ದಾಳೆ?" ಅಂತ ಕೇಳುತ್ತಾಳೆ. ಆ ಕೊಲೆಯಲ್ಲಿ ಅವಳ ಕೈ ಇರಲಿಲ್ಲ. ಆದರೂ ಅದನ್ನು ತನ್ನ ಲೆಕ್ಕಕ್ಕೇ ಬರೆದುಕೊಂಡಿದ್ದಾಳೆ. ನನ್ನ ಹಾಳೆಯ ಬಲಭಾಗದಲ್ಲಿ ಅವಳು ಕಣ್ಣಾರೆ ಕಾಣದೆಯೂ ಹೊತ್ತ ಸಂಗತಿ ಅದೊಂದೇ.

ದೀಪದ ಬಗ್ಗೆ ತಂಡದಲ್ಲಿ ಬಹಳ ಮಾತಾಯಿತು. ಸಿಡನ್ಸ್ 1785ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಈ ಪಾತ್ರ ಮಾಡಿದಾಗ ಮೇಣದ ಬತ್ತಿಯನ್ನು ಕೆಳಗಿಟ್ಟು ಎರಡೂ ಕೈ ಉಜ್ಜಿದರು. ಅವರಿಗಿಂತ ಹಿಂದೆ ಹೆಸರು ಮಾಡಿದ್ದ ಹ್ಯಾನಾ ಪ್ರಿಚರ್ಡ್ ಕೆಳಗಿಡುತ್ತಿರಲಿಲ್ಲ, ಅದನ್ನು ಮುರಿಯಬೇಡಿ ಅಂತ ಆ ರಂಗಮಂದಿರದ ವ್ಯವಸ್ಥಾಪಕ ಶೆರಿಡನ್ ಒತ್ತಾಯಿಸಿದ್ದರು. ನಾನೂ ಕೆಳಗಿಟ್ಟೆ, ಆದರೆ ಕಣ್ಣಳತೆಯಲ್ಲೇ. ದೀಪ ಯಾವಾಗಲೂ ಹತ್ತಿರವಿರಬೇಕೆಂದು ಅವಳದೇ ಅಪ್ಪಣೆ ಅಂತ ಸಖಿ ಹೇಳುತ್ತಾಳೆ. ಮೊದಲ ಅಂಕದಲ್ಲಿ "ಬಾ, ದಟ್ಟ ಇರುಳೇ" ಅಂತ ಕತ್ತಲನ್ನು ಕರೆದವಳು ಇವಳೇ. ಹಾಗಾಗಿ ಕೈ ಉಜ್ಜುತ್ತಾ ದೂರ ಸರಿದಾಗೆಲ್ಲ ಮೈ ತಾನಾಗಿ ದೀಪದ ಕಡೆ ವಾಲುವಂತೆ ಚಲನೆ ಕಟ್ಟಿಕೊಂಡೆ.

ಮಾತಿನ ಲಯವೂ ಇಲ್ಲಿ ಬದಲಾಗುತ್ತದೆ. ಮೂಲದಲ್ಲಿ ಅವಳು ಅಲ್ಲಿಯವರೆಗೆ ಪದ್ಯದಲ್ಲಿ ಮಾತಾಡಿ ಈ ದೃಶ್ಯದಲ್ಲಿ ಗದ್ಯಕ್ಕೆ ಬೀಳುತ್ತಾಳೆ. ನಮ್ಮ ರಂಗಪಠ್ಯ ಸರಳ ರಗಳೆಯ ನಡೆಯಲ್ಲಿತ್ತು, ಇಲ್ಲಿಗೆ ಮಾತ್ರ ಅದನ್ನು ಬಿಟ್ಟೆವು. ಲಯದ ಆಸರೆ ಇಲ್ಲದೆ ಮಾತು ತುಂಡುತುಂಡಾಗಿ ಬಂತು. ಅರೇಬಿಯಾದ ಸುಗಂಧವೆಲ್ಲ ಸೇರಿದರೂ ಈ ಪುಟ್ಟ ಕೈಯ ರಕ್ತದ ವಾಸನೆ ಹೋಗದು ಅನ್ನುವ ಮಾತಾದ ಮೇಲೆ ಬರುವ ನಿಟ್ಟುಸಿರನ್ನು ನಾನು ದೊಡ್ಡದು ಮಾಡಲಿಲ್ಲ. ಮೂಗಿನ ಹತ್ತಿರ ಕೈ ತಂದು, ವಾಸನೆ ನೋಡಿ, ಉಸಿರು ಬಿಟ್ಟೆ. ಸಾಕಾಯಿತು.

ಆಮೇಲೆ ಅವಳು ರಂಗಕ್ಕೆ ಬರುವುದಿಲ್ಲ. ಒಳಗಿನಿಂದ ಹೆಂಗಸರ ಕೂಗು ಕೇಳುತ್ತದೆ, ರಾಣಿ ಸತ್ತಳು ಅನ್ನುತ್ತಾರೆ. ಆ ಕೂಗಿಗೆ ನನ್ನ ದನಿಯನ್ನೂ ಸೇರಿಸಿ ಅಂದಾಗ ಬೇಡವೆಂದೆ. ಅದು ಅವಳನ್ನು ನೋಡಿಕೊಂಡವರ ಕೂಗು. ಸಖಿಯ ಪಾತ್ರ ಮಾಡಿದ ಗೆಳತಿಯೇ ಮುಂದಾಗಿ ಕೂಗಿದಳು. ನಾಟಕದ ಕೊನೆಯಲ್ಲಿ ಡಂಕನ್‌ನ ಮಗ ಮಾಲ್ಕಂ ಅವಳನ್ನು ರಾಕ್ಷಸಿಯಂಥ ರಾಣಿ ಅನ್ನುತ್ತಾನೆ, ಗೆದ್ದವನ ಮಾತು ಅದು. ಅವಳು ನಿದ್ದೆಯಲ್ಲಿ ಆಡಿದ್ದನ್ನು ವೈದ್ಯ ಕೇಳಿದಾಗ, ಸಾಕ್ಷಿಯಿಲ್ಲದೆ ನಾನದನ್ನು ಯಾರ ಮುಂದೆಯೂ ಆಡಲಾರೆ ಅಂದಿದ್ದಳು ಆ ಸಖಿ. ಎಷ್ಟೋ ರಾತ್ರಿ ರಾಣಿಯನ್ನು ಕಾದವಳು ಅವಳು. ಮಾಲ್ಕಂನ ಮಾತಿಗೆ ಅವಳು ತಲೆಯಾಡಿಸುತ್ತಿರಲಿಲ್ಲ ಅಂತ ನಾನು ನಂಬುತ್ತೇನೆ.