ರೇಡಿಯೇಟರ್ ಹೋಸ್ ಚಪ್ಪಟೆಯಾಗುತ್ತಿದ್ದಾಗ ನಾನು ನೋಡಿದ್ದು, ಮಾಡಿದ್ದು

ತೋಟದ ಕೆಲಸಕ್ಕೂ ದೂರದ ಓಡಾಟಕ್ಕೂ ನಾನು ಬಳಸುವುದು ಒಂದು ಹಳೆಯ ಡೀಸೆಲ್ ಜೀಪು. ಕಡೂರಿನ ಬಯಲಿನಲ್ಲಿ ತಕರಾರಿಲ್ಲದೆ ಓಡುವ ಈ ಗಾಡಿ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಕಾಯತೊಡಗಿತು. ಸುಮಾರು ಅದೇ ಸಮಯದಲ್ಲಿ, ರಾತ್ರಿ ನಿಲ್ಲಿಸಿದ ಗಾಡಿಯ ಬಾನೆಟ್ಟನ್ನು ಬೆಳಿಗ್ಗೆ ಎತ್ತಿದರೆ ರೇಡಿಯೇಟರಿನ ಮೇಲಿನ ಹೋಸು ಒಳಕ್ಕೆ ಕುಸಿದು ಚಪ್ಪಟೆಯಾಗಿರುತ್ತಿತ್ತು. ಇಂಥ ಸಂದರ್ಭದಲ್ಲಿ ಗ್ಯಾರೇಜುಗಳಲ್ಲಿ ಸಿಗುವ ಸಲಹೆ ಹೊಸ ಹೋಸು ಹಾಕಿಸಿ ಎಂಬುದೇ. ಆದರೆ ಹೋಸು ತಾನಾಗಿ ಕುಸಿಯುವುದಿಲ್ಲ. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾದಾಗ ಮಾತ್ರ ಕುಸಿಯುತ್ತದೆ. ಆದ್ದರಿಂದ ಯಾವ ಹೋಸು, ಯಾವ ಹೊತ್ತಿನಲ್ಲಿ ಕುಸಿಯುತ್ತಿದೆ ಎಂಬುದನ್ನು ಮೊದಲು ಗುರುತಿಸಿಕೊಂಡು, ಅಲ್ಲಿಂದ ಕಾರಣಕ್ಕೆ ಹೋಗುವುದೆಂದು ನಿರ್ಧರಿಸಿದೆ.

ಮೇಲಿನ ಹೋಸಿನ ವಿಷಯ ಸುಲಭವಾಗಿತ್ತು, ಏಕೆಂದರೆ ಅದು ಕುಸಿಯುತ್ತಿದ್ದುದು ಎಂಜಿನ್ ತಣ್ಣಗಾದ ಮೇಲೆ. ಕಾದಾಗ ಕೂಲೆಂಟ್ (ಎಂಜಿನ್ನನ್ನು ತಣಿಸುವ ದ್ರವ) ಸುಮಾರು ಶೇಕಡಾ 3ರಿಂದ 5ರಷ್ಟು ಹಿಗ್ಗುತ್ತದೆ. ಹತ್ತು ಲೀಟರ್ ಹಿಡಿಯುವ ಗಾಡಿಯಲ್ಲಿ ಇದು 300ರಿಂದ 500 ಮಿಲಿಲೀಟರ್. ಈ ಹೆಚ್ಚಿನ ಪ್ರಮಾಣ ರೇಡಿಯೇಟರ್ ಮುಚ್ಚಳದ ದೊಡ್ಡ ವಾಲ್ವನ್ನು ಎತ್ತಿಕೊಂಡು ರಿಸರ್ವ್ ಬಾಟಲಿಗೆ ಹೋಗುತ್ತದೆ. ಎಂಜಿನ್ ತಣ್ಣಗಾದಂತೆ ಒಳಗೆ ನಿರ್ವಾತ ಉಂಟಾಗಿ, ಮುಚ್ಚಳದ ತಳದ ನಡುವೆ ಇರುವ ಪುಟ್ಟ ವಾಲ್ವು ತೆರೆದು, ಹೋದ ಕೂಲೆಂಟ್ ಹಿಂದಕ್ಕೆ ಬರಬೇಕು. ಈ ಪುಟ್ಟ ವಾಲ್ವು ಕಚ್ಚಿಕೊಂಡರೆ ಅಥವಾ ಬಾಟಲಿಯ ಸಣ್ಣ ಪೈಪು ಕಟ್ಟಿಕೊಂಡರೆ ನಿರ್ವಾತ ಹಾಗೆಯೇ ಉಳಿದು, ಇಡೀ ವ್ಯವಸ್ಥೆಯಲ್ಲಿ ಮೆತ್ತಗಿರುವ ಭಾಗವನ್ನು, ಅಂದರೆ ಹೋಸನ್ನು, ಒಳಕ್ಕೆ ಎಳೆಯುತ್ತದೆ.

ಎಂಜಿನ್ ಪೂರ್ತಿ ತಣ್ಣಗಿದ್ದ ಒಂದು ಬೆಳಿಗ್ಗೆ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದೆ. ಸುಸ್ಸೆಂದು ಗಾಳಿ ಒಳನುಗ್ಗಿತು, ಚಪ್ಪಟೆಯಾಗಿದ್ದ ಹೋಸು ಟಪ್ಪೆಂದು ಎದ್ದು ದುಂಡಗಾಯಿತು. ಒಳಗೆ ನಿರ್ವಾತವಿತ್ತು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ಮುಚ್ಚಳವನ್ನು ಮಗುಚಿ ನೋಡಿದರೆ, ಉಗುರಿನಿಂದ ಎಳೆದಾಗ ಕೆಳಗೆ ಬಂದು ಬಿಟ್ಟಾಗ ಹಿಂದೆ ಸರಿಯಬೇಕಿದ್ದ ಪುಟ್ಟ ಬಿಲ್ಲೆ ತುಕ್ಕು ಬಣ್ಣದ ಗಸಿಯಲ್ಲಿ ಅಂಟಿಕೊಂಡು ಅಲುಗಾಡುತ್ತಿರಲಿಲ್ಲ. ಬಾಟಲಿಯ ಪೈಪನ್ನು ಕಳಚಿ ಊದಿ ನೋಡಿದೆ, ಅದು ಸರಿಯಾಗಿತ್ತು. ಮುಚ್ಚಳದ ಮೇಲೆ 0.9 (ಅದು ಹಿಡಿದಿಡುವ ಒತ್ತಡ, ಬಾರ್ ಲೆಕ್ಕದಲ್ಲಿ) ಎಂದು ಅಚ್ಚಾಗಿತ್ತು, ಅದೇ ಅಳತೆಯದನ್ನೇ ತಂದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 0.9 ಬಾರ್ ಹೆಚ್ಚುವರಿ ಒತ್ತಡವಿದ್ದರೆ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಹಾಗೆಂದು ಇನ್ನೂ ಹೆಚ್ಚು ಅಳತೆಯ ಮುಚ್ಚಳ ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆಗೇ ಅಪಾಯ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾರೂ ತೆರೆಯಕೂಡದು ಎನ್ನುವುದಕ್ಕೂ ಕಾರಣ ಇದೇ: ಒತ್ತಡ ಇಳಿದ ಕ್ಷಣವೇ ಅಷ್ಟು ಬಿಸಿಯ ನೀರು ಉಕ್ಕಿ ಮುಖಕ್ಕೆ ಹಾರುತ್ತದೆ.

ಹೊಸ ಮುಚ್ಚಳದ ನಂತರ ಮೇಲಿನ ಹೋಸು ದುಂಡಗೇ ಉಳಿಯಿತು, ಆದರೆ ಘಾಟಿಯಲ್ಲಿ ಕಾಯುವುದು ನಿಲ್ಲಲಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವೊಂದಿತ್ತು. ಪೇಟೆಯ ದಟ್ಟಣೆಯಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರುತ್ತಿರಲಿಲ್ಲ. ಎರಡನೇ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ ಏರುತ್ತಿತ್ತು. ಫ್ಯಾನಿನ ದೋಷವಾಗಿದ್ದರೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ, ನಿಂತಾಗಲೇ ಹೆಚ್ಚು ಕಾಯಬೇಕು. ಹೀಗಾಗಿ ನನ್ನ ಅನುಮಾನ ನೀರಿನ ಹರಿವಿನ ಕಡೆಗೆ, ಅದರಲ್ಲೂ ಕೆಳಗಿನ ಹೋಸಿನ ಕಡೆಗೆ ತಿರುಗಿತು. ರೇಡಿಯೇಟರಿನ ತಳದಿಂದ ವಾಟರ್ ಪಂಪಿಗೆ (ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ವಾಟರ್ ಬಾಡಿ) ಹೋಗುವ ಈ ಹೋಸು ಪಂಪು ನೀರನ್ನು ಹೀರಿಕೊಳ್ಳುವ ಬದಿ, ಇಡೀ ವ್ಯವಸ್ಥೆಯಲ್ಲಿ ಒತ್ತಡ ಅತಿ ಕಡಿಮೆ ಇರುವ ಜಾಗ.

ಎಂಜಿನ್ ಚೆನ್ನಾಗಿ ಕಾದ ಮೇಲೆ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ಎಕ್ಸಲರೇಟರ್ ಒತ್ತಲು ತಮ್ಮನ ಮಗನನ್ನು ಕೂರಿಸಿದೆ. ನಾನು ಫ್ಯಾನಿನಿಂದ ದೂರವಿದ್ದು ಪಕ್ಕದಿಂದ ಟಾರ್ಚು ಬಿಟ್ಟು ನೋಡುತ್ತಿದ್ದೆ. ಅರ್ಧ ಒತ್ತುವವರೆಗೆ ಏನೂ ಆಗಲಿಲ್ಲ. "ದೊಡ್ಡಪ್ಪ, ಇನ್ನೂ ಒತ್ತಲಾ?" ಎಂದವನಿಗೆ ಹೂಂ ಎಂದೆ, ಆಗ ಹೋಸಿನ ಬಾಗಿನ ಒಳಮಗ್ಗುಲು, ಎಳನೀರಿನ ಗಂಜಿ ಸಿಕ್ಕಿಕೊಂಡ ಸ್ಟ್ರಾದಂತೆ ಒಳಕ್ಕೆ ಸೇದಿಕೊಂಡಿತು. ಕಾಲು ತೆಗೆದ ಕೂಡಲೇ ಮತ್ತೆ ಮೊದಲಿನಂತಾಯಿತು. ಬಾನೆಟ್ ಎತ್ತಿ ಐಡಲಿನಲ್ಲಿ ನೋಡುವವರಿಗೆ ಈ ದೋಷ ಎಂದೂ ಕಾಣಿಸುವುದಿಲ್ಲ.

ಸರಿಯಾದ ಮುಚ್ಚಳ ಒತ್ತಡವನ್ನು ಹಿಡಿದಿಟ್ಟಾಗ ಹೀರುವ ಬದಿಯಲ್ಲೂ ಒಳಗಿನ ಒತ್ತಡ ಸಾಮಾನ್ಯವಾಗಿ ಹೊರಗಿನದಕ್ಕಿಂತ ಹೆಚ್ಚೇ ಇರುತ್ತದೆ. ಹೊಸ ಮುಚ್ಚಳವಿದ್ದೂ ಹೋಸು ಕುಸಿಯುತ್ತಿದೆ ಎಂದಾಗ ಪಂಪು ಕೇಳುವಷ್ಟು ನೀರನ್ನು ರೇಡಿಯೇಟರ್ ಕೊಡುತ್ತಿಲ್ಲ, ಜೊತೆಗೆ ಹೋಸಿಗೂ ತಡೆಯುವ ಶಕ್ತಿ ಉಳಿದಿಲ್ಲ ಎಂದು ಊಹಿಸಿದೆ. ಮರುದಿನ ನೀರು ಬಸಿದು ಹೋಸನ್ನು ಬಿಚ್ಚಿದೆ. ಹಲವು ಗಾಡಿಗಳಲ್ಲಿ ಕೆಳಗಿನ ಹೋಸಿನೊಳಗೆ ಕುಸಿಯದಂತೆ ತಂತಿಯ ಸ್ಪ್ರಿಂಗ್ ಇರುತ್ತದೆ. ನಮ್ಮದರಲ್ಲಿ ಅದು ತುಕ್ಕು ತಿಂದು ಚೂರಾಗಿ, ಕೈಯಲ್ಲಿ ಕುಲುಕಿದರೆ ಕಂದು ಪುಡಿ ಉದುರುತ್ತಿತ್ತು. ಹೊರಗಡೆ ಎಂಜಿನ್ ಆಯಿಲ್ ಹನಿದು ರಬ್ಬರು ಉಬ್ಬಿ ಮೆತ್ತಗಾಗಿತ್ತು. ಹೋಸನ್ನು ಪರೀಕ್ಷಿಸುವಾಗ ನಡುಭಾಗವನ್ನಷ್ಟೇ ಅಮುಕಿದರೆ ಸಾಲದು. ಕ್ಲಿಪ್ಪಿನ ಪಕ್ಕದಲ್ಲಿ ಬೆರಳುಗಳಿಂದ ಹಿಸುಕಿ ನಡುಭಾಗಕ್ಕೆ ಹೋಲಿಸಬೇಕು, ಒಳಗಿನ ಬಿರುಕುಗಳು ಹೆಚ್ಚಾಗಿ ಶುರುವಾಗುವುದು ತುದಿಗಳಲ್ಲಿ.

ಹೋಸು ಕಳಚಿದ್ದಾಗಲೇ ರೇಡಿಯೇಟರಿನ ಬಾಯಿಗೆ ಬಕೆಟ್ಟಿನಿಂದ ನೀರು ಸುರಿದೆ. ಸುರಿದಷ್ಟೇ ವೇಗದಲ್ಲಿ ಕೆಳಗೆ ಹರಿದುಹೋಗಬೇಕಿದ್ದ ನೀರು ಅರ್ಧ ಬಕೆಟ್ಟಿಗೇ ಮೇಲೆ ತುಂಬಿ ಚೆಲ್ಲಿತು. ಈ ಗಾಡಿಗೆ ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ತುಂಬಿಸಿದ್ದರು. ನಮ್ಮ ಕಡೆಯ ಗಡಸು ನೀರು ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪದರವೇ ಕೊಳವೆಗಳ ಒಳಗೂ ಕಟ್ಟಿತ್ತು. ಹಿತ್ತಾಳೆ ಮತ್ತು ತಾಮ್ರದ ರೇಡಿಯೇಟರ್ ಆದ್ದರಿಂದ ಅದನ್ನು ಉಳಿಸಿಕೊಳ್ಳುವ ದಾರಿಯಿತ್ತು. ರೇಡಿಯೇಟರ್ ಕೆಲಸದವರು ತೊಟ್ಟಿಯ ಬೆಸುಗೆ ಬಿಡಿಸಿ, ಒಂದೊಂದೇ ಕೊಳವೆಗೆ ತೆಳು ಪಟ್ಟಿಯನ್ನು ತೂರಿಸಿ ಕೆರೆದು, ಮತ್ತೆ ಬೆಸೆದು, ನೀರಿನಲ್ಲಿ ಮುಳುಗಿಸಿ ಗಾಳಿ ಬಿಟ್ಟು ಪರೀಕ್ಷಿಸಿ ಕೊಟ್ಟರು. ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ತೊಟ್ಟಿ ಕೂರಿಸಿರುವ ಈಗಿನ ರೇಡಿಯೇಟರುಗಳಲ್ಲಿ ಈ ಕೆಲಸ ನಡೆಯುವುದಿಲ್ಲ, ಬದಲಾಯಿಸುವುದೇ ಗತಿ.

ಸ್ಪ್ರಿಂಗಿನ ಚೂರುಗಳು ಹರಿವಿನ ಜೊತೆ ಪಂಪಿನ ಕಡೆಗೇ ಹೋಗಿರುತ್ತವೆ. ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ತಾನಾಗಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವು) ತೆಗೆದು, ನೀರು ತಿಳಿಯಾಗುವವರೆಗೆ ಬ್ಲಾಕಿಗೆ ಹಿಮ್ಮುಖವಾಗಿ ಪೈಪು ಬಿಟ್ಟು ತೊಳೆದೆ. ಪಂಪನ್ನು ಬಿಚ್ಚಿ ಅದರ ಎಲೆಗಳನ್ನೂ ನೋಡಿದೆ. ನಂತರ ಅಚ್ಚಿನ ಹೊಸ ಹೋಸಿನೊಳಗೆ ಸ್ಟೇನ್‌ಲೆಸ್ ಸ್ಪ್ರಿಂಗ್ ಇಟ್ಟು, ಕ್ಲಿಪ್ಪುಗಳನ್ನು ಕೊಳವೆಯ ಉಬ್ಬಿನ ಆಚೆಗೆ ಕೂರಿಸಿ ಬಿಗಿದೆ. ಆಯಿಲ್ ಸೋರುತ್ತಿದ್ದ ಪ್ಯಾಕಿಂಗನ್ನೂ ಬದಲಾಯಿಸಿದೆ, ಇಲ್ಲವಾದರೆ ಹೊಸ ರಬ್ಬರಿಗೂ ಅದೇ ಗತಿ.

ತುಂಬಿಸಿದ್ದು ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್, ಸಮಪ್ರಮಾಣದಲ್ಲಿ. ಮುಚ್ಚಳ ಹಾಕದೆ ಐಡಲಿನಲ್ಲಿ ಓಡಿಸಿ, ಥರ್ಮೋಸ್ಟಾಟ್ ತೆರೆದು ಗುಳ್ಳೆಗಳು ನಿಲ್ಲುವವರೆಗೆ ಕಾದು, ಮಟ್ಟ ಸರಿಮಾಡಿ ಮುಚ್ಚಿದೆ. ಅದೇ ಟಾರ್ಚಿನ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಪೂರ್ತಿ ಎಕ್ಸಲರೇಟರಿಗೂ ಹೋಸು ಅಲುಗಲಿಲ್ಲ. ಮುಂದಿನ ಸಲ ಕೊಟ್ಟಿಗೆಹಾರದವರೆಗೆ ಏರಿ ನಿಲ್ಲಿಸಿದಾಗ ಮುಳ್ಳು ಅರ್ಧವನ್ನು ದಾಟಿರಲಿಲ್ಲ. ರಿಸರ್ವ್ ಬಾಟಲಿಯ ಮೇಲೆ ಬಿಸಿಯಿದ್ದಾಗಿನ ಮಟ್ಟಕ್ಕೂ ಬೆಳಗಿನ ಮಟ್ಟಕ್ಕೂ ಪೆನ್ನಿನಿಂದ ಗೆರೆ ಹಾಕಿಟ್ಟಿದ್ದೇನೆ. ಬೆಳಿಗ್ಗೆ ಕೂಲೆಂಟ್ ಕೆಳಗಿನ ಗೆರೆಗೆ ಇಳಿಯದಿದ್ದರೆ ಮೊದಲು ಬಿಚ್ಚುವುದು ಮುಚ್ಚಳವನ್ನು.